ಮಕ್ರೂಝ್ ಅಂದ ತಿತ್ತಿ

ತಪ್ಪಿಸಿಕೊಂಡ ಗಬ್ಬದ ಒಂಟೆಯನ್ನು ಹುಡುಕಿಕೊಂಡು ನನ್ನ ಗಂಡ ದುಗೈಮ್ ದಕ್ಷಿಣದ ಮರಳಿಗೆ ಹೋಗಿದ್ದ. ಹೋದಾಗ ಎಳೆಯದಾಗಿದ್ದ ಚಂದ್ರ ತುಂಬಿ ಕರಗತೊಡಗಿದರೂ ಅವನು ತಿರುಗಿರಲಿಲ್ಲ. ಸಂಜೆಯಾದರೆ ಸಾಕು, ಅತ್ತೆ ಷಮ್ಮಾ ಗುಡಾರದ ದಕ್ಷಿಣದ ಪರದೆ ಎತ್ತಿ ಕಟ್ಟಿ ಅತ್ತಲೇ ಕೂರುತ್ತಿದ್ದರು.

ಆಗ ಬಂದವನು ಮುಸ್ಫಿರ್, ಆ ಕಡೆಯ ಉಪ್ಪಿನ ವ್ಯಾಪಾರಿ. ಕಾಫಿ ಹೀರುತ್ತ ಹೇಳಿದ:

"ದಾರೀಲಿ ಒಂದು ಒಂಟೆ ಸತ್ತು ಬಿದ್ದಿತ್ತವ್ವಾ. ಮುದ್ರೆ ನೋಡೋಣ ಅಂದ್ರೆ ಚರ್ಮಾನೇ ಉಳಿದಿರಲಿಲ್ಲ. ಪಕ್ಕದಲ್ಲಿ ನೀರಿನ ತಿತ್ತಿ, ಎತ್ಕೊಂಡು ಬಂದಿದೀನಿ. ಮನುಷ್ಯನ ಸುಳಿವಿಲ್ಲ."

ನಾನು ಕೈಯ ಕೆಲಸ ಬಿಟ್ಟು ಹತ್ತಿರ ಬಂದೆ.

"ಎಂಥ ತಿತ್ತಿ?" ಎಂದರು ಅತ್ತೆ.

"ಮಕ್ರೂಝ್."

ಇಬ್ಬರೂ ಉಸಿರು ಬಿಟ್ಟೆವು. ಮಕ್ರೂಝ್ ಅಂದರೆ ಕರಝ್, ಅದೇ ಜಾಲಿಕಾಯಿ, ಅದರಲ್ಲಿ ಹದ ಮಾಡಿದ ತೊಗಲು. ನಮ್ಮ ಮರಳಲ್ಲಿ ಜಾಲಿ ಎಲ್ಲಿ ಬರಬೇಕು? ನಾವು ಅರ್ತಾ ಗಿಡವನ್ನು ಕುಟ್ಟಿ ತೊಗಲು ನೆನೆಹಾಕುವವರು. ಹಾಗೆ ಮಾಡಿದ್ದಕ್ಕೆ ಮಾರೂತ್ ಅಂತ ಬೇರೆಯೇ ಹೆಸರು. ದುಗೈಮನ ತಿತ್ತಿಗೆ ಅರ್ತಾ ಕುಟ್ಟಿದವಳು ನಾನೇ.

"ನಮ್ಮ ಹುಡುಗಂದು ಮಾರೂತ್ ಕಣಪ್ಪಾ," ಅತ್ತೆ ನಗುತ್ತ ಮತ್ತೆ ಕಾಫಿ ಬಗ್ಗಿಸಿದರು.

"ಮಾರೂತಾ? ಹಂಗಂದ್ರೇನು? ನಮ್ಮ ಕಡೆ ಹದ ಮಾಡಿದ್ದೆಲ್ಲಾ ಮಕ್ರೂಝೇ. ಯಾತರಲ್ಲಿ ಮಾಡಿದ್ರು ಅಂತ ಯಾರು ಕೇಳ್ತಾರೆ?"

ಬಟ್ಟಲು ತುಂಬಿ ಕಾಫಿ ಮರಳಿಗೆ ಹರಿಯಿತು.

"ಉಪ್ಪು ಮಾರೋನ ನಾಲಿಗೆ ಇಷ್ಟು ಸಪ್ಪೆನಾ! ಎಲ್ಲಿ ಅದು? ತಾ ಇಲ್ಲಿ!" ಎಂದರು ಅತ್ತೆ.

ಅವನು ಮೂಟೆಯಡಿಯಿಂದ ಎಳೆದು ತಂದ. ಬಾಯಿಯನ್ನೂ ಹೊಲಿಗೆಯನ್ನೂ ನರಿಗಳು ಕಿತ್ತುಹಾಕಿದ್ದವು. ಗುರುತು ಹಿಡಿಯಲು ಏನೂ ಇರಲಿಲ್ಲ. ಬಿಸಿಲಿಗೆ ಕಪ್ಪಗಾದ ಬರೀ ತೊಗಲು. ಅತ್ತೆ ಒಂದು ಅಂಚನ್ನು ನೀರಿನಲ್ಲಿ ನೆನೆಸಿ, ಬೆರಳಿನಿಂದ ತಿಕ್ಕಿ ತಿಕ್ಕಿ, ನನ್ನತ್ತ ಚಾಚಿದರು.

"ನನ್ನ ಬಾಯಿಗೆ ವಯಸ್ಸಾಯ್ತು ತರ್ಫಾ. ನೀನೇ ನೋಡು."

ಕಣ್ಣು ಮುಚ್ಚಿ ನೆಕ್ಕಿದೆ. ಬಾಯೆಲ್ಲ ಒಗರು, ಒಸಡು ಸೆಟೆದುಕೊಂಡಿತು. ನಮ್ಮ ತಿತ್ತಿಯ ನೀರು ಕುಡಿದೇ ಬೆಳೆದವಳು ನಾನು. ಆ ಒಗರು ನಮ್ಮದಲ್ಲ.

"ಜಾಲಿ, ಅತ್ತೆ! ಜಾಲಿನೇ!"

ಅತ್ತೆ ಕಂಬಕ್ಕೊರಗಿ ನಕ್ಕರು. ಕೆನ್ನೆ ಮೇಲೆ ನೀರು ಇಳಿಯುತ್ತಿತ್ತು. "ನೋಡಿದ್ರಾ, ನಾನು ಮೊದಲೇ ಸರಿಯಾಗಿ ಹೇಳಿದ್ದೆ," ಎಂದ ಮುಸ್ಫಿರ್.

"ಗೊತ್ತಿಲ್ದೆ ಹೇಳಿದ್ದು ಸರಿಯಾಯ್ತು, ಹೋಗೋ," ಎಂದು ಅತ್ತೆ ಅವನ ಮುಂದೆ ಖರ್ಜೂರದ ತಟ್ಟೆ ತಳ್ಳಿದರು.

ಚಂದ್ರ ಪೂರ್ತಿ ಕರಗುವ ಮೊದಲೇ ದುಗೈಮ್ ಬಂದ. ಹಿಂದೆ ಒಂಟೆ, ಅದರ ಹಿಂದೆ ತಡವರಿಸುವ ಮರಿ. ಮರಿಗೆ ಕಾಲು ಬರಲೆಂದು ಕಾದಿದ್ದನಂತೆ. ಅತ್ತೆ ಮಗನ ಮುಖ ನೋಡುವ ಮೊದಲು ಅವನ ಹೆಗಲಿನ ಕೆಂಪು ತಿತ್ತಿಯನ್ನು ಮುಟ್ಟಿ ನೋಡಿದರು.

"ತೊಳೆದು ಎಷ್ಟು ದಿನ ಆಯ್ತೋ? ನಾರ್ತಿದೆ," ಎಂದು ಬೈದರು.

ಹರಿದ ಆ ತೊಗಲನ್ನು ಮಾತ್ರ ಎಸೆಯಗೊಡಲಿಲ್ಲ. ಹೊರಗಿನ ಗೂಟಕ್ಕೆ ತೂಗುಹಾಕಿದರು. ದಕ್ಷಿಣದಿಂದ ಯಾರೇ ಬಂದರೂ ಕಾಫಿಗೂ ಮೊದಲು ಅದನ್ನು ತೋರಿಸಿ ಕೇಳುವರು: "ನಿಮ್ಮ ಕಡೆ ಯಾರ ಮನೇಲಾದ್ರೂ, ಹೋದವರು ಇನ್ನೂ ತಿರುಗಿ ಬರೋದಿದೆಯೇನಪ್ಪಾ?"