ಆರನೇ ತಟ್ಟೆಯ ಏಳು ಚುಕ್ಕೆ

ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ‘ಇರುವೆ’ ಎಂದೇ ಕರೆಯುತ್ತಿದ್ದರು. ಹಿಡಿದ ಕೆಲಸ ಬಿಡುವವಳಲ್ಲ. ಆದರೆ ಆ ಬೆಳಿಗ್ಗೆ ಅವಳಿಗೆ ಕೈಕಾಲೇ ಆಡುತ್ತಿರಲಿಲ್ಲ.

ಆಹಾರ ಸಿಗದ ಬ್ಯಾಕ್ಟೀರಿಯಾಗಳು ಸತ್ತ ನೆರೆಯ ಬ್ಯಾಕ್ಟೀರಿಯಾಗಳನ್ನು ತಿಂದು ಬದುಕುತ್ತವೆ ಎಂದು ಪ್ರೊಫೆಸರು ಇಪ್ಪತ್ತು ವರ್ಷ ಪಾಠ ಹೇಳಿದ್ದರು. ಅಲ್ಲ, ಅವು ತಮ್ಮೊಳಗಿನ ಪ್ರೋಟೀನನ್ನೇ ಕತ್ತರಿಸಿ, ಆ ಚೂರುಗಳಿಂದ ಬದುಕಲು ಬೇಕಾದ ಹೊಸ ಪ್ರೋಟೀನು ಕಟ್ಟಿಕೊಳ್ಳುತ್ತವೆ ಎಂಬುದು ಇರುವೆಯ ವಾದ. ಕತ್ತರಿಸುವ ಶಕ್ತಿಯನ್ನೇ ಕಿತ್ತುಹಾಕಿದ ತಳಿಯನ್ನು ಉಪವಾಸ ಕೆಡವಿದಾಗ ಸುತ್ತ ಸತ್ತವು ಬೇಕಾದಷ್ಟಿದ್ದರೂ ಒಂದೂ ಉಳಿದಿರಲಿಲ್ಲ.

"ಏನೋ ಎಡವಟ್ಟು ಮಾಡಿದ್ದೀಯ," ಎಂದಿದ್ದರು ಪ್ರೊಫೆಸರು. "ಮತ್ತೆ ಮಾಡು. ತಟ್ಟೆ ಮೇಲೆ ಬರೀ ನಂಬರು. ಯಾವುದು ಯಾವ ತಳಿ ಅಂತ ನಿಂಗೂ ಗೊತ್ತಿರಬಾರದು, ನಂಗೂ."

ನಂಬರು ಹಾಕಿ, ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡವರು ಗಾಜಿನ ಸಾಮಾನು ತೊಳೆಯುವ ಅಕ್ಕ.

ಈಗ ಎಂಟು ತಟ್ಟೆಗಳು ಮೇಜಿನ ಮೇಲಿದ್ದವು. ಉಪವಾಸದಲ್ಲಿ ಬದುಕಿ ಉಳಿದ ಬ್ಯಾಕ್ಟೀರಿಯಾ ಇದ್ದಲ್ಲಿ ಚುಕ್ಕೆ ಮೂಡಬೇಕು. ನಾಲ್ಕು ತಟ್ಟೆಗಳಲ್ಲಿ ಚುಕ್ಕೆಗಳು ಕಿಕ್ಕಿರಿದಿದ್ದವು. ಮೂರು ಬೋಳು. ಆರನೆಯದರಲ್ಲಿ ಏಳು ಚುಕ್ಕೆ.

ಅಕ್ಕ ಪಟ್ಟಿ ಬಿಡಿಸಿ ಓದಿದರು. ಕಿಕ್ಕಿರಿದ ನಾಲ್ಕೂ ಸಾಮಾನ್ಯ ತಳಿಯವು, ಬೋಳು ತಟ್ಟೆಗಳು ಮೂರೂ ಶಕ್ತಿ ಕಿತ್ತ ತಳಿಯವು. ಆಮೇಲೆ ತಡವರಿಸಿದರು. "ಆರೂ... ಅದೇ ತಳಿ, ಸಾರ್."

"ನೋಡಿದ್ಯಾ? ಬದುಕಿವೆ!" ಎಂದರು ಪ್ರೊಫೆಸರು.

ಇರುವೆಯ ನಾಲ್ಕು ವರ್ಷದ ಕೆಲಸ ನೀರುಪಾಲು. ಆದರೂ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಚುಕ್ಕೆಗಳು ಹಳದಿ. ಅವಳ ಬ್ಯಾಕ್ಟೀರಿಯಾದ ಚುಕ್ಕೆ ಹಾಲಿನ ಕೆನೆಯ ಬಣ್ಣ.

ಒಂದು ಚುಕ್ಕೆಯಿಂದ ತುಸು ತೆಗೆದು ಗಾಜಿನ ಪಟ್ಟಿಗೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗಿಟ್ಟಳು.

"ನೀವೇ ನೋಡಿ, ಸಾರ್. ನಮ್ಮವು ಕಡ್ಡಿ ಥರ ಇರ್ತವೆ. ಇವು ಗುಂಡಗಿವೆ. ಹೊರಗಿಂದ ಬಂದು ಬಿದ್ದಿವೆ."

ಪ್ರೊಫೆಸರು ಬಗ್ಗಿ ನೋಡಿದರು. "ಈ ತಟ್ಟೆಯ ಮುಚ್ಚಳ ಯಾರಾದ್ರೂ ತೆಗೆದಿದ್ರಾ?" ಎಂದು ಇರುವೆ ಕೇಳಿದಳು. ಅಕ್ಕ ಪ್ರೊಫೆಸರತ್ತ ನೋಡಿದರು.

"ನಾನೇ," ಎಂದರು ಪ್ರೊಫೆಸರು. "ಮೊನ್ನೆ. ತಡೆಯೋಕಾಗದೆ ಇಣುಕಿ ನೋಡಿದೆ."

ಇರುವೆಗೆ ಸಿಟ್ಟು ನೆತ್ತಿಗೇರಿತು.

"ಇನ್ನೊಂದೇ ಒಂದ್ಸಲ ಮಾಡು," ಎಂದರು ಅವರು, ಮೆಲ್ಲಗೆ. "ತಟ್ಟೆ ಇಡೋ ಕೋಣೆಗೇ ನಾನು ಬರಲ್ಲ. ಕೀಲಿ ಅಕ್ಕನ ಹತ್ರ ಇರ್ಲಿ."

ಮುಂದಿನ ವಾರ ಶಕ್ತಿ ಕಿತ್ತ ತಳಿಯ ನಾಲ್ಕು ತಟ್ಟೆಗಳೂ ಬೋಳಾಗಿಯೇ ಬಂದವು. ಪ್ರೊಫೆಸರು ಅಂದೇ ತರಗತಿಗೆ ಹೋಗಿ, ತಾವು ಹೇಳಿಕೊಟ್ಟದ್ದು ತಪ್ಪಿತ್ತು ಎಂದು ಹೇಳಿದರು. ಇರುವೆ ಕೊನೆಯ ಬೆಂಚಿನಲ್ಲಿ ಕೂತು ಕೇಳಿಸಿಕೊಂಡಳು.