ಬಾಣಲೆಯಕ್ಕನ ಗಂಡ

"ಎತ್ತೋದಲ್ಲಯ್ಯಾ, ಮೊದ್ಲು ಓರೆ ಮಾಡು! ನಿನ್ನ ಕಡೆ ಕಾಲು ಸಿಕ್ಕಿಕೊಂಡಿದೆ," ಎಂದು ಬ್ರೆಡ್ಡಿನ ಅಂಗಡಿಯವ ಕೂಗಿದ.

ಗೈಡು ಓರೆ ಮಾಡಿದ. ಕಬ್ಬಿಣದ ಒಲೆ ಕಲ್ಲಿನ ಮೇಲೆ ಕಿರ್ರೆಂದು ಒಂದು ಗೇಣು ಸರಿದು ಮತ್ತೆ ನಿಂತಿತು. ಮೂವತ್ತು ವರ್ಷ ಮನೆಯ ಬಾಗಿಲಿಗೇ ಅಡ್ಡವಾಗಿ ನಿಂತು ಮೀನು ಕರಿದ ಒಲೆ ಅದು. ಅದರ ಪಕ್ಕದ ಸಂದಿಯಲ್ಲಿ ಬಾಣಲೆಯಕ್ಕ ದಿನಕ್ಕೆ ನೂರು ಸಲ ನುಸುಳಿ ಒಳಗೆ ಹೊರಗೆ ಓಡಾಡಿದ್ದಳು. ಇವತ್ತು ಐದು ಗಂಟೆಗೆ ಗಾಡಿ ಬರುತ್ತದೆ. ನಾಲ್ಕು ಜನ ಹೊತ್ತು ಒಯ್ಯಬೇಕಾದವಳು ಸಂದಿಯಲ್ಲಿ ನುಸುಳಲಾರಳು. ಒಲೆಯೇ ಜಾಗ ಬಿಡಬೇಕು.

"ಇದಕ್ಕೆ ಎಷ್ಟು ವರ್ಷ ಅಂತ ಹೇಳಿದ್ದೆ, ಊರು ನೋಡೋಕೆ ಬರೋ ನಿನ್ನ ಜನಕ್ಕೆ?" ಬ್ರೆಡ್ಡಿನವ ಬೆವರು ಒರೆಸಿಕೊಳ್ಳುತ್ತ ಕೇಳಿದ. "ನನ್ನ ಒಲೆಗಂತೂ ನೀನು ಇನ್ನೂರು ಅಂದೆ. ನಮ್ಮಪ್ಪ ಅದನ್ನ ತಂದಾಗ ನನಗೆ ಮೀಸೆ ಬಂದಿತ್ತು ಮಾರಾಯ!"

ಒಲೆ ಹಿಡಿದಿದ್ದ ಇನ್ನಿಬ್ಬರು ನಕ್ಕರು. ಸಾವಿನ ಮನೆಯೆಂದು ನೆನಪಾಗಿ ಬಾಯಿ ಮುಚ್ಚಿಕೊಂಡರು. ಗೈಡು ನಗಲಿಲ್ಲ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅನ್ನುತ್ತಾರಲ್ಲ, ಹಾಗೆ ಅವನ ಕಣ್ಣು ತೆರೆದ ಬಾಗಿಲೊಳಗೆ ಹೋಗಿ, ಹೆಣದ ತಲೆಯ ಬಳಿ ಕುರ್ಚಿಯಲ್ಲಿ ಕೂತಿದ್ದ ಮುದುಕರನ್ನು ಮುಟ್ಟಿ ಬಂತು. ಬಾಣಲೆಯಕ್ಕನ ಗಂಡ. ಹನ್ನೊಂದು ವರ್ಷದಿಂದ ಪ್ರತಿ ಶನಿವಾರ ಈ ಗೈಡು ತನ್ನ ಬಾಯಾರೆ ಸಮುದ್ರದಲ್ಲಿ ಮುಳುಗಿಸುತ್ತ ಬಂದಿದ್ದ ಮನುಷ್ಯ.

*

ಊರು ನೋಡಲು ಬಂದವರನ್ನು ಓಣಿ ಓಣಿ ನಡೆಸಿ, ಬೀದಿಯ ತಿಂಡಿ ತಿನ್ನಿಸಿ, ಕತೆ ಹೇಳುವುದು ಅವನ ಕೆಲಸ. ಎಲ್ಲೆಲ್ಲಿಂದಲೋ ಬಂದು ನೆಲೆಸಿದ ನಾಲ್ಕು ಭಾಷೆಯವರ ಬೀದಿಗಳು, ಏಳು ಅಂಗಡಿ, ಮೂರು ಗಂಟೆ. ಬಾಣಲೆಯಕ್ಕನದು ಕೊನೆಯದು. ಅಷ್ಟು ಹೊತ್ತಿಗೆ ಜನರ ಹೊಟ್ಟೆ ತುಂಬಿ ಕಾಲು ಸೋತಿರುತ್ತಿತ್ತು.

ಮೊದಲನೆಯ ವರ್ಷ, ಮೊದಲನೆಯ ಶನಿವಾರ, ಮೀನಿನ ತಟ್ಟೆಯನ್ನು ಯಾರೂ ಮುಟ್ಟಲಿಲ್ಲ. ಒಬ್ಬಳು ಮೂಗಿಗೆ ಕರವಸ್ತ್ರ ಹಿಡಿದಳು. ಬಾಣಲೆಯಕ್ಕ ಸೌಟು ಹಿಡಿದು ಒಬ್ಬೊಬ್ಬರ ಮುಖವನ್ನೂ ನೋಡುತ್ತ ನಿಂತಿದ್ದಳು. ಅವಳ ಆ ನೋಟ ತಾಳಲಾರದೆ ಅವನು ಬಾಯಿಗೆ ಬಂದದ್ದು ಹೇಳಿಬಿಟ್ಟ. "ಈ ಅಕ್ಕನ ಗಂಡ ಮೀನುಗಾರ. ಈಕೆಯನ್ನು ಈ ದಡಕ್ಕೆ ಮುಟ್ಟಿಸಿ, ಉಳಿದವರನ್ನು ತರಲು ದೋಣಿ ತಿರುಗಿಸಿದವನು ಮತ್ತೆ ಬರಲಿಲ್ಲ. ಈಕೆಗೆ ಉಳಿದದ್ದು ಈ ಬಾಣಲೆಯೊಂದೇ."

ಕರವಸ್ತ್ರ ಮೂಗಿನಿಂದ ಕಣ್ಣಿಗೆ ಏರಿತು. ತಟ್ಟೆ ಖಾಲಿಯಾಯಿತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೆಲವು ವಾರ ಕಳೆದು ಯಾವುದೋ ಕೆಲಸಕ್ಕೆ ಆ ಕಡೆ ಹೋದಾಗ, ಒಲೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಮೀನು ತೊಳೆಯುತ್ತಿದ್ದ ಗಂಡಸನ್ನು ತೋರಿಸಿ ಬಾಣಲೆಯಕ್ಕ, "ನಮ್ಮ ಯಜಮಾನ್ರು. ನಿನಗೆ ಭಾವ ಆದ್ರು," ಎಂದಳು. ಇನ್ನು ಆ ಕತೆ ಹೇಳಬಾರದು ಎಂದುಕೊಂಡ. ಆದರೆ ಅಷ್ಟರಲ್ಲಿ ಅವನ ಪ್ರವಾಸದ ಕಂಪನಿಯವರು ದೋಣಿಯ ಕತೆಯನ್ನು ಹಾಳೆಯಲ್ಲಿ ಅಚ್ಚು ಹಾಕಿಸಿ ಹಂಚಿಯಾಗಿತ್ತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ಹಿರಿಯರೇ ಹೇಳಿಲ್ಲವೇ, ಒಂದು ಸುಳ್ಳಿಗೆ ಸಾವಿರ ಮೀನು ಖರ್ಚಾದರೆ ತಪ್ಪೇನು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಬಾಣಲೆಯಕ್ಕನಿಗೆ ಬಂದವರ ಭಾಷೆ ತಿಳಿಯದು. ಪುಣ್ಯಕ್ಕೆ ಶನಿವಾರ ನಾಲ್ಕರ ಹೊತ್ತಿಗೆ ಭಾವ ಒಂದು ದಿನವೂ ಕಣ್ಣಿಗೆ ಬೀಳುತ್ತಿರಲಿಲ್ಲ. ಅದನ್ನು ಅವನು ತನ್ನ ಅದೃಷ್ಟ ಎಂದೇ ನಂಬಿದ್ದ.

ಜನ ಚದುರಿದ ಮೇಲೆ ಬಾಣಲೆಯಕ್ಕ ಅವನಿಗಾಗಿ ಎತ್ತಿಟ್ಟ ದೊಡ್ಡ ಮೀನು ಕೊಡುತ್ತಿದ್ದಳು. "ತಿನ್ನು, ಗಂಟಲು ಒಣಗಿರುತ್ತೆ. ಎಷ್ಟು ಚೆನ್ನಾಗಿ ಮಾತಾಡ್ತೀಯಪ್ಪಾ," ಎನ್ನುತ್ತಿದ್ದಳು.

*

ಅಂತೂ ಒಲೆ ಸರಿಯಿತು. ಗೈಡು ಕೈ ತೊಳೆದು ಒಳಗೆ ಹೋದ. ಇರುವುದೇ ಒಂದು ಕೋಣೆ, ಅದರ ಹಿಂದೆ ಅಡುಗೆಮನೆ. ಬಾಣಲೆಯಕ್ಕನಿಗೆ ಬಿಳಿ ಬಟ್ಟೆ ಹೊದಿಸಿದ್ದರು. ಎಣ್ಣೆ ಸಿಡಿದ ಕಲೆಗಳಿದ್ದ ಮುಂಗೈ ಹೊರಗಿತ್ತು. ಬಸ್ಸು ಓಡಿಸುವ ಮಗಳು ಸಮವಸ್ತ್ರದಲ್ಲೇ ಬಂದವಳು ಗೋಡೆಗೊರಗಿ ನಿಂತಿದ್ದಳು.

"ಬಂದ್ಯೇನಪ್ಪಾ? ಊಟ ಆಯ್ತಾ?" ಎಂದರು ಭಾವ.

"ಆಯ್ತು ಭಾವ."

"ಇವತ್ತು ಶನಿವಾರ ಅಲ್ವಾ? ನಿನ್ನ ಕೆಲಸ?"

"ರಜೆ ಹಾಕಿದೀನಿ."

"ಅವಳಿಗೆ ನೀನಂದ್ರೆ ಪ್ರಾಣ. ಶನಿವಾರ ಬಂತೂಂದ್ರೆ ಬೆಳಿಗ್ಗೆಯಿಂದ್ಲೇ ಒಲೆ ತಿಕ್ಕೋಳು. ಅಳಿಯ ಮೊದಲ್ನೇ ಸಲ ಮನೆಗೆ ಬಂದಾಗ್ಲೂ ಅಷ್ಟು ತಿಕ್ಕಿರ್ಲಿಲ್ಲ."

ಗೈಡು ತಲೆ ತಗ್ಗಿಸಿದ. ಇವತ್ತು ಹೇಳಿಬಿಡಬೇಕು, ಗಾಡಿ ಬರುವುದರೊಳಗೆ, ಅವಳ ಎದುರಿಗೇ ಹೇಳಿ ಇವರ ಕಾಲು ಹಿಡಿಯಬೇಕು ಎಂದು ನಿಶ್ಚಯಿಸಿಕೊಂಡೇ ಮನೆ ಬಿಟ್ಟಿದ್ದ. "ಭಾವ, ನಿಮ್ಮ ಹತ್ರ ಒಂದು ಮಾತು..." ಎಂದು ಶುರು ಮಾಡಿದ.

ಭಾವನ ಗಮನ ಇತ್ತ ಇರಲಿಲ್ಲ. ಅವರು ಕಿಟಕಿಯಾಚೆ ನೋಡುತ್ತಿದ್ದರು. ಓಣಿಯ ತಿರುವಿನಲ್ಲಿ ಹಳದಿ ಬಾವುಟವೊಂದು ತಲೆಗಳ ಮೇಲೆ ಓಲಾಡುತ್ತ ಬರುತ್ತಿತ್ತು. ರಜೆ ಗೈಡಿಗೆ ಇತ್ತೇ ಹೊರತು ನಡಿಗೆಗೆ ಇರಲಿಲ್ಲ. ಅವನ ಬದಲು ಕಂಪನಿಯ ಹೊಸ ಹುಡುಗಿ ಜನರನ್ನು ಕರೆತರುತ್ತಿದ್ದಳು.

ಭಾವ ಕುರ್ಚಿಯ ಕೈ ಹಿಡಿದು ಎದ್ದರು. ಮಂಡಿ ಲಟಕ್ಕೆಂದಿತು. ಹೆಂಡತಿಯ ಮುಂಗೈಯನ್ನು ಒಮ್ಮೆ ಸವರಿ, ಅಡುಗೆಮನೆ ದಾಟಿ, ಹಿತ್ತಿಲ ಬಾಗಿಲು ತೆಗೆದು ಹೋದರು. ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.

"ಯಾಕೆ, ಭಾವನಿಗೆ ಹುಷಾರಿಲ್ವಾ?" ಗೈಡು ಮಗಳನ್ನು ಕೇಳಿದ.

"ಹುಷಾರಾಗೇ ಇದಾರೆ. ನಾಲ್ಕು ಗಂಟೆ ಆಯ್ತಲ್ಲ, ಸಾಯೋಕೆ ಹೋದ್ರು."

ಅವನಿಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಆಮೇಲೆ ಆಯಿತು.

"ಹಾಗೆ ನೋಡ್ಬೇಡಿ," ಎಂದಳು ಮಗಳು, ದನಿ ಏರಿಸದೆ. "ಅಮ್ಮನಿಗೆ ಮೊದಲ್ನೇ ವರ್ಷವೇ ಗೊತ್ತಾಗಿತ್ತು. ಯಾರೋ ಹೆಂಗಸು ಅವಳನ್ನ ತಬ್ಕೊಂಡು ಅತ್ತಳು. ಏನಂದ್ಲು ಅಂತ ಅಮ್ಮ ಪಕ್ಕದಲ್ಲಿದ್ದ ನನ್ನ ಕೇಳಿದ್ಲು, ನನಗೆ ಅವರ ಭಾಷೆ ಬರುತ್ತಲ್ಲ, ನಾನೇ ಹೇಳಿದೆ. ನಿಮ್ಮ ಕಾಲರ್ ಹಿಡಿದು ಕೇಳ್ತೀನಿ ಅಂತ ಹೊರಟಿದ್ದೆ. ಅಮ್ಮ ಬಿಡ್ಲಿಲ್ಲ. 'ಪಾಪ, ನನ್ನ ತಟ್ಟೆ ಉಳಿಯುತ್ತೆ ಅಂತ ಬಾಯಿ ಜಾರಿದಾನೆ. ನಾಲ್ಕು ಜನರ ಮುಂದೆ ಸುಳ್ಳುಗಾರ ಆಗ್ಬಾರ್ದು' ಅಂದ್ಲು. ಅಪ್ಪನಿಗೆ, 'ಅರ್ಧ ಗಂಟೆ ಹಿತ್ತಿಲಲ್ಲಿ ಕೂತ್ರೆ ಏನು ಸವೆದು ಹೋಗ್ತೀರಾ' ಅಂದ್ಲು."

"ಒಳಗೇ ಇರಬಹುದಿತ್ತಲ್ಲ..."

"ಕೈ ತೊಳೆಯೋಕೆ ಅಂತ ನಿಮ್ಮ ಜನ ಒಳಗೂ ಬರ್ತಿದ್ರಲ್ಲ. ಮಳೆ ಬಂದ್ರೂ ಹಿತ್ತಿಲೇ. ಹೋದ ವರ್ಷ ಜ್ವರದಲ್ಲಿ ಕಂಬಳಿ ಹೊದ್ಕೊಂಡು ಹೋಗಿ ಕೂತ್ರು."

ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು ಗೈಡಿಗೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಎಷ್ಟು ಚೆನ್ನಾಗಿ ಮಾತಾಡ್ತೀಯಪ್ಪಾ ಎಂದು ಅವಳು ಮೀನು ಕೊಟ್ಟಾಗಲೆಲ್ಲ ಅದನ್ನು ಹೊಗಳಿಕೆಯೆಂದುಕೊಂಡು, ಮುಳ್ಳು ಸಹ ಬಿಡದೆ ಚೀಪಿದ್ದ.

ಬಾಗಿಲಲ್ಲಿ ನೆರಳು ಬಿತ್ತು. ಹೊಸ ಹುಡುಗಿ ಹೂವು ಹಿಡಿದು ನಿಂತಿದ್ದಳು. ಸುದ್ದಿ ತಿಳಿದು, ಹನ್ನೆರಡು ಜನರನ್ನೂ ಒಮ್ಮೆ ಮುಖ ನೋಡಿ ಹೋಗಲು ಕರೆತಂದಿದ್ದಳು, ಒಳ್ಳೆಯ ಹುಡುಗಿ. ಸದ್ದಿಲ್ಲದೆ ಒಳಬಂದವರಿಗೆ ಅವಳು ತಗ್ಗಿದ ದನಿಯಲ್ಲಿ ಅವನ ಮಾತನ್ನೇ, ಒಂದು ಅಕ್ಷರ ಆಚೀಚೆಯಾಗದಂತೆ ಹೇಳಿದಳು. "ಉಳಿದವರನ್ನು ತರಲು ದೋಣಿ ತಿರುಗಿಸಿದವನು ಮತ್ತೆ ಬರಲಿಲ್ಲ. ಇವತ್ತು ಈಕೆ ಅವನಿದ್ದಲ್ಲಿಗೆ ಹೊರಟಿದ್ದಾಳೆ." ಕೊನೆಯ ಸಾಲು ಅವಳೇ ಸೇರಿಸಿದ್ದು. ಚೆನ್ನಾಗಿಯೇ ಸೇರಿಸಿದ್ದಳು.

ಬಂದವರಲ್ಲಿ ಟೋಪಿ ಕೈಯಲ್ಲಿ ಹಿಡಿದ ಹಿರಿಯರೊಬ್ಬರಿದ್ದರು. ಗೈಡು ಯಾರೆಂದು ಹುಡುಗಿ ಅವರ ಕಿವಿಯಲ್ಲಿ ಹೇಳಿದಳು. "ಹಾಗಾದರೆ ಈಕೆಗೆ ಇದ್ದವರು ನೀವೇ," ಎಂದು ಅವರು ಅವನ ಮೊಣಕೈ ಹಿಡಿದು ಖಾಲಿ ಕುರ್ಚಿಯಲ್ಲಿ ಕೂರಿಸಿದರು. ಕುರ್ಚಿ ಇನ್ನೂ ಬೆಚ್ಚಗಿತ್ತು. ಒಬ್ಬೊಬ್ಬರಾಗಿ ಬಂದು ಅವನ ಕೈ ಅದುಮಿ ಹೋದರು. ಮೂರನೆಯವಳು ಕಣ್ಣೊರೆಸಿಕೊಂಡು, "ಅವರ ಪ್ರೀತಿಯ ಕತೆಯನ್ನು ನೀವು ಉಳಿಸಿದಿರಿ," ಎಂದಳು. ಗೋಡೆಗೊರಗಿದ್ದ ಮಗಳು ಮುಖ ಆಚೆ ತಿರುಗಿಸಿದಳು.

ಅವನು ಎದ್ದು ನಿಂತ.

"ಅಕ್ಕನ ಗಂಡ ಸತ್ತಿಲ್ಲ," ಎಂದ. ಗಡಿಬಿಡಿಯಲ್ಲಿ ತನ್ನ ಮನೆಮಾತಿನಲ್ಲೇ ಹೇಳಿದ್ದರಿಂದ ಬಂದವರಿಗೆ ತಿಳಿಯಲಿಲ್ಲ. ಮಗಳು ಮಾತ್ರ ಥಟ್ಟನೆ ತಿರುಗಿ ನೋಡಿದಳು. ಅವನು ಮತ್ತೆ ಅವರ ಭಾಷೆಯಲ್ಲಿ ಹೇಳಿದ. "ದೋಣಿಯೂ ಇರಲಿಲ್ಲ, ಮುಳುಗಿದ್ದೂ ಇಲ್ಲ. ಎಲ್ಲಾ ನಾನು ಕಟ್ಟಿದ ಸುಳ್ಳು. ಇದು ಅವರ ಕುರ್ಚಿ. ನನ್ನ ಮಾನ ಉಳಿಸಲು ಅವರು ಹಿತ್ತಿಲಲ್ಲಿ ಅಡಗಿ ಕೂತಿದ್ದಾರೆ. ಕರೆತರುತ್ತೇನೆ, ಇರಿ."

ಅವನ ಕೈ ಅದುಮಿದ್ದ ಹೆಂಗಸು ತನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದಳು. ಅವರ ನಡುವೆಯೇ ಹಾದು, ಅಡುಗೆಮನೆ ದಾಟಿ, ಅವನು ಹಿತ್ತಿಲ ಬಾಗಿಲು ತೆಗೆದ.

ಹಿತ್ತಿಲೆಂದರೆ ಎರಡು ಗೋಡೆಗಳ ನಡುವಿನ ಒಂದು ಸಂದು. ಬೋರಲು ಹಾಕಿದ ಮೀನಿನ ಪೆಟ್ಟಿಗೆಯ ಮೇಲೆ ಭಾವ ಬಾಗಿಲಿಗೆ ಬೆನ್ನು ಮಾಡಿ, ಎರಡು ಕೈಗಳನ್ನೂ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಹೋದ್ರಾ?" ಎಂದರು, ತಿರುಗದೆ.

"ಭಾವ, ಒಳಗೆ ಬನ್ನಿ." ಗೈಡು ಒಂದು ಹೆಜ್ಜೆ ಮುಂದೆ ಬಂದ. "ನಾನು ಎಲ್ಲಾ..."

ಭಾವ ಗಾಬರಿಯಿಂದ ತಿರುಗಿ ತುಟಿಯ ಮೇಲೆ ಬೆರಳಿಟ್ಟರು. "ಶ್! ಮೆಲ್ಲಗೆ ಮಾತಾಡಪ್ಪಾ, ಅವರಿಗೆ ಕೇಳಿಸೀತು," ಎಂದು ಪಿಸುಗುಟ್ಟಿ, ಪೆಟ್ಟಿಗೆಯ ಮೇಲೆ ತುಸು ಸರಿದು ಅವನಿಗೂ ಜಾಗ ಮಾಡಿಕೊಟ್ಟರು.