ಎಂಜಿನ್ನಿನ ಹಣೆಗೆ ಕುಂಕುಮ

ನನ್ನ ಗಂಡ ರಿತೇಶನ ತಾಯಿ ಉಮಾವತಿಗೆ ಒಂದು ಕೆಲಸ ಮಾಡಬೇಡಿ ಎಂದರೆ ಅದನ್ನು ಮಾಡಿದರೇ ಸಮಾಧಾನ. ಕಾರ್ಕಳದಿಂದ ದೋಹಾಕ್ಕೆ ಬರುವಾಗ ಅವರ ಸೂಟ್‌ಕೇಸಿನಲ್ಲಿ ನನಗೊಂದು ಸೀರೆ ತರಲು ಜಾಗ ಇರಲಿಲ್ಲ. ಆಯುಧಪೂಜೆಯ ಕುಂಕುಮ, ಗಂಧಕ್ಕೆ ಮಾತ್ರ ಧಾರಾಳವಾಗಿ ಜಾಗ ಇತ್ತು.

ಇಂಡಸ್ಟ್ರಿಯಲ್ ಏರಿಯಾದಲ್ಲಿ ರಿತೇಶನದು ಹಳೆಯ ಕಾರುಗಳನ್ನು ಸರಿಮಾಡುವ ಗ್ಯಾರೇಜು. ಹಬ್ಬ ಯಾವ ವಾರ ಬಂದರೂ ನಮ್ಮ ಪೂಜೆ ರಜೆಯ ಶುಕ್ರವಾರವೇ. ಈ ಸಲ ಅಲ್ಲಿ ನಿಂತಿದ್ದದ್ದು ನಾಸರ್ ಎಂಬ ಕತಾರಿಯವರ 1970ರ ಅಮೆರಿಕನ್ ಕಾರು. ಉದ್ದ ಮೂತಿ, ಹೊಟ್ಟೆಬಾಕ ಎಂಜಿನ್. ಸ್ಟಾರ್ಟ್ ಮಾಡಿದರೆ ಪಕ್ಕದ ಗ್ಯಾರೇಜಿನವರೂ ಹೊರಗೆ ಬಂದು ನೋಡಬೇಕು. ಆ ಕಾಲದಲ್ಲಿ ನಾಸರ್ ಅವರ ತಂದೆ ಹೊಸದಾಗಿಯೇ ಕೊಂಡ ಕಾರು ಅದು. ತಂದೆ ಈಗಿಲ್ಲ.

ಇಂಥ ಕಾರಿಗೆ ಬೆಲೆ ಬರುವುದು ಹೊಳಪಿನಿಂದಲ್ಲ. ಡ್ಯಾಶ್‌ಬೋರ್ಡಿನ ತಗಡಿನಲ್ಲಿರುವ ನಂಬರಿನ ಕೊನೆಯ ಅಂಕೆಗಳು ಎಂಜಿನ್ನಿನ ಮೇಲೂ ಒತ್ತಿರಬೇಕು. ಎರಡೂ ಹೊಂದಿದರೆ ಅದು ಕಾರಿನ ಜೊತೆಗೇ ಹುಟ್ಟಿದ ಎಂಜಿನ್. ಇಲ್ಲದಿದ್ದರೆ ಎಲ್ಲಿಂದಲೋ ತಂದು ಕೂರಿಸಿದ್ದು. ನಮ್ಮ ಪೇಂಟರ್ ಸರಿಯಾಗಿ ಆ ಜಾಗಕ್ಕೇ ಬಣ್ಣ ಹೊಡೆದಿದ್ದ. ಮೊದಲೇ ಫೋಟೊ ತೆಗೆದಿಡದಿದ್ದದ್ದು ರಿತೇಶನ ತಪ್ಪು. ಬಣ್ಣ ಕರಗಿಸಿ ತೆಗೆದ ಮೇಲೆ ಅಲ್ಲಿ ಕಂಡದ್ದು ಮಸುಕು ಗೀರುಗಳು ಮಾತ್ರ.

ಹಳೆಯ ಕಾರುಗಳಿಗೆ ಬೆಲೆ ಕಟ್ಟುವ, ನಮ್ಮೂರ ಕಡೆಯ ಶಿರ್ವದ ಟ್ರೆವರ್ ಗುರುವಾರ ಬಂದು ನೋಡಿ ಅಡ್ಡಡ್ಡ ತಲೆಯಾಡಿಸಿದರು.

"ನಂಬರ್ ಓದ್ಲಿಕ್ಕೇ ಆಗುದಿಲ್ಲ ಮಾರಾಯ. ಒರಿಜಿನಲ್ ಅಂತ ಹೇಗೆ ಹೇಳುದು?"

"ಸ್ವಲ್ಪ ಸ್ಯಾಂಡ್‌ಪೇಪರ್ ಹಾಕ್ಲಾ?" ಎಂದ ರಿತೇಶ.

"ಹಾಕಿದ್ರೆ ಖಲಾಸ್! ಉಜ್ಜಿ ಹೊಸ ನಂಬರ್ ಹೊಡೆದದ್ದು ಅಂತ ಹೇಳ್ತಾರೆ. ಮುಟ್ಬೇಡ. ನಾಳೆ ಒಳ್ಳೆ ಟಾರ್ಚ್ ತರ್ತೇನೆ."

ನಾಸರ್ ಅಲ್ಲೇ ಇದ್ದರು. ಹೊರಡುವಾಗ ಮೆಲ್ಲಗೆ ಹಿಂದಿಯಲ್ಲಿ, "ರಿತೇಶ್, ಇದು ನನ್ನ ಅಪ್ಪನ ಎಂಜಿನ್ನೇ ತಾನೇ?" ಎಂದು ಕೇಳಿದರು. ಬೈದಿದ್ದರೂ ನಮಗೆ ಅಷ್ಟು ನೋವಾಗುತ್ತಿರಲಿಲ್ಲ. ಎಂಜಿನ್ ಬದಲಾಯಿಸಿದ ಕಳ್ಳ ಎಂಬ ಹೆಸರು ಬಂದರೆ ಗ್ಯಾರೇಜಿನ ಬಾಗಿಲು ಮುಚ್ಚಿದ ಹಾಗೆಯೇ.

ಶುಕ್ರವಾರ ನಾನು ಅತ್ತೆಗೆ ಕಟ್ಟುನಿಟ್ಟಾಗಿ ಹೇಳಿದೆ. "ಮಾಮಿ, ಸ್ಪ್ಯಾನರಿಗೆ ಹಚ್ಚಿ, ಜ್ಯಾಕಿಗೆ ಹಚ್ಚಿ. ಆ ಕಾರು ಮಾತ್ರ ಮುಟ್ಬೇಡಿ."

"ಆಯ್ತಮ್ಮ" ಎಂದರು. ಅಷ್ಟು ಬೇಗ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ನಾನು ಪಂಚಕಜ್ಜಾಯದ ಪೊಟ್ಟಣ ಕಟ್ಟಿ ಬರುವಷ್ಟರಲ್ಲಿ ಕೆಲಸ ಕೆಟ್ಟಿತ್ತು. ಎಂಜಿನ್ನಿನ ಬೇರೆಲ್ಲ ಕಡೆ ಹೊಸ ಬಣ್ಣ. ನಂಬರಿನ ಜಾಗದಲ್ಲಿ, ಸರಿಯಾಗಿ ಅಲ್ಲೇ, ನೀರಲ್ಲಿ ಕಲಸಿದ ಕುಂಕುಮ ಮೆತ್ತಿತ್ತು.

"ಮಾಮಿ!"

"ಅಲ್ಲೊಂದು ಕಡೆ ಬೋಳು ಕಾಣ್ತಿತ್ತು. ಹಬ್ಬದ ದಿನ ಹಾಗೆ ಬಿಡ್ಲಿಕ್ಕುಂಟಾ?"

ನನಗೆ ಬಂದ ಸಿಟ್ಟಿಗೆ ಪೊಟ್ಟಣಗಳನ್ನು ಎಸೆಯಬೇಕು ಅನಿಸಿತು. ಅಷ್ಟರಲ್ಲಿ ನಾಸರ್, ಟ್ರೆವರ್ ಇಬ್ಬರೂ ಒಳಗೆ ಬಂದರು. ರಿತೇಶ ಕೈಗೆ ಸಿಕ್ಕ ಬಟ್ಟೆ ಹಿಡಿದು ಒಂದೇ ಸಲ ಒರೆಸಿದ.

"ನಿಲ್ಲು! ಇನ್ನು ಮುಟ್ಬೇಡ!" ಟ್ರೆವರ್ ಕೂಗಿ, ಟಾರ್ಚ್ ಹಿಡಿದು ಬಗ್ಗಿದರು.

ಮೇಲಿನ ಕುಂಕುಮ ಬಟ್ಟೆಗೆ ಹೋಗಿತ್ತು. ಗೀರುಗಳ ಒಳಗೆ ಇಳಿದದ್ದು ಅಲ್ಲೇ ಉಳಿದಿತ್ತು. ಬೂದು ಕಬ್ಬಿಣದ ಮೇಲೆ ಕೆಂಪು ಅಂಕೆಗಳು ಸಾಲಾಗಿ ಕಂಡವು.

ಟ್ರೆವರ್ ಒಂದೊಂದೇ ಅಂಕೆ ಓದಿದರು. ನಾಸರ್ ಗಾಜಿನ ಮೇಲೆ ಬಗ್ಗಿ ತಗಡು ನೋಡುತ್ತ ಪ್ರತಿ ಅಂಕೆಗೂ "ಹೌದು" ಎನ್ನುತ್ತಿದ್ದರು. ಕೊನೆಯ ಅಂಕೆಗೆ ತಲೆಯಷ್ಟೇ ಆಡಿಸಿದರು. ನನಗೂ ಕಣ್ಣು ತುಂಬಿ ಬಂತು.

"ಕಾರ್ಖಾನೆಯಲ್ಲಿ ಕಬ್ಬಿಣ ಕೆತ್ತುವಾಗ ಬಿದ್ದ ಗೆರೆಗಳೂ ಹಾಗೇ ಉಂಟು. ಯಾರೂ ಉಜ್ಜಲಿಲ್ಲ. ಪಕ್ಕಾ ಒರಿಜಿನಲ್" ಎಂದರು ಟ್ರೆವರ್.

ಆ ಕೆಂಪು ಏನು ಎಂದು ನಾಸರ್ ಕೇಳಿದರು. ರಿತೇಶ ತಡವರಿಸಿದ. "ನಮ್ಮ ಹಬ್ಬ... ಗಾಡಿಗೆ ಒಳ್ಳೆಯದಾಗಲಿ ಅಂತ ಅಮ್ಮ ಹಚ್ಚಿದ್ದು. ಸಾರಿ."

"ನನ್ನ ಅಪ್ಪನ ಕಾರಿಗೆ ಒಳ್ಳೆಯದು ಬಯಸಿದ್ದಕ್ಕೆ ಸಾರಿ ಯಾಕೆ?" ನಾಸರ್ ಮುಂದಿನ ಬಾಗಿಲು ತೆರೆದು ಅತ್ತೆಯ ಕಡೆ ನೋಡಿದರು. "ಇದು ನನ್ನ ಅಮ್ಮ ಕೂರುತ್ತಿದ್ದ ಸೀಟು. ಯಲ್ಲಾ, ಬನ್ನಿ, ಒಂದು ರೌಂಡ್ ಹೋಗಿ ಬರೋಣ."

ಅತ್ತೆ ಸೆರಗು ಸರಿಮಾಡಿಕೊಂಡು ಮಹಾರಾಣಿಯ ಗತ್ತಿನಲ್ಲಿ ಕೂತರು. ನಾನು ಹಿಂದೆ ಹತ್ತಿದೆ. ಎಂಜಿನ್ ಗುಡುಗಿತು. ಅತ್ತೆ ತಿರುಗಿ ಮೊದಲು ಪೂಜೆಯ ತಟ್ಟೆ, ಆಮೇಲೆ ನನ್ನ ಮುಖ ನೋಡಿದರು. ಕಾರು ಮುಟ್ಟಬೇಡಿ ಎಂದಿದ್ದೆನಲ್ಲ, ಈ ಸಲ ನನ್ನ ಒಪ್ಪಿಗೆಗೆ ಕಾದರೇನೋ. ಅವರಿಗೆ ಏನು ಬೇಕೆಂದು ನನಗೆ ಗೊತ್ತಿತ್ತು.

"ಒಂದ್ನಿಮಿಷ, ನಿಲ್ಸಿ!" ಎಂದು ನಾನು ಕೆಳಗಿಳಿದು ಪೂಜೆಯ ತಟ್ಟೆಯತ್ತ ಓಡಿದೆ.

"ನಿಶ್ಮಿತಾ, ಎಂತ ಮಾಡ್ತಿ?" ರಿತೇಶ ಕೂಗಿದ. "ಅದು ಹೊಸ ಟೈರ್ ಮಾರಾಯ್ತಿ!"

"ಹೊಸದಲ್ವಾ? ಒರಿಜಿನಲ್ ಅಲ್ಲ ಅಂತ ಆಯ್ತು, ಮುಟ್ಬಹುದು" ಎಂದು ಹೇಳಿ, ನಾಲ್ಕೂ ಚಕ್ರದ ಅಡಿಗೆ ನಾನೇ ನಿಂಬೆಹಣ್ಣು ಇಟ್ಟೆ.